ಮೂರನೆಯ ಅಂಕದಲ್ಲಿ ಸನ್ಮಾನ

ಬೆಂಗಳೂರಿನಿಂದ ಬರುವ ನೆಂಟರು ಕಾಳಿಘಾಟ್ ನೋಡಿ, ರಸಗುಲ್ಲಾ ತಿಂದು, ಟ್ರಾಮಿನಲ್ಲಿ ಕೂತು, ಎಲ್ಲ ಮುಗಿದ ಮೇಲೆ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅನಸೂಯಾ, ಇಲ್ಲಿ ನಮ್ಮ ಕನ್ನಡದ ಹುಡುಗಿಯೊಬ್ಬಳು ಇಂಗ್ಲಿಷ್ ಸಂಗೀತ ಹಾಡ್ತಾಳಂತೆ, ಗಾಜು ಒಡೆಯೋ ಹಾಗೆ ಕೂಗ್ತಾಳಂತೆ, ಹೌದಾ?" ಇಂಗ್ಲಿಷ್ ಅಲ್ಲ, ಇಟಾಲಿಯನ್ನು. ಕೂಗುವುದಲ್ಲ, ಹಾಡುವುದು. ಗಾಜು ಇವತ್ತಿನವರೆಗೆ ಒಂದೂ ಒಡೆದಿಲ್ಲ. ಇಷ್ಟು ಹೇಳುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿರುತ್ತದೆ, ಅವರಿಗೆ ವಿಮಾನಕ್ಕೆ ಹೊತ್ತಾಗಿರುತ್ತದೆ. ಅದಕ್ಕೇ ಒಂದು ಸಲ ಕೂತು ಬರೆದುಬಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರು ಓದಿಕೊಳ್ಳಲಿ.

ಹುಡುಗಿಯ ಹೆಸರು ತುಳಸಿ. ಅಪ್ಪ ಹೊನ್ನಪ್ಪನವರು ರಾಣೆಬೆನ್ನೂರಿನ ಕಡೆಯವರು, ಖಿದಿರ್‌ಪುರದ ಡಾಕಿನಲ್ಲಿ ಹಡಗಿನ ಸರಕು ಇಳಿಸುವವರ ಫೋರ್‌ಮನ್ ಆಗಿದ್ದರು. ಅಮ್ಮ ಶೋಭಾ. ಬಂದರಿನ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಯ ಮನೆ. ನಾನು ಮೈಸೂರಿನವಳು, ಮದುವೆಯಾಗಿ ಈ ಊರಿಗೆ ಬಂದವಳು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ನೌಕರಿ, ಲೇಕ್ ಮಾರ್ಕೆಟ್ ಹತ್ತಿರ ಮನೆ, ಶನಿವಾರ ಮಧ್ಯಾಹ್ನ ಕನ್ನಡದ ಮಕ್ಕಳಿಗೆ ದೇವರನಾಮದ ಪಾಠ. ಇದರ ಜೊತೆಗೆ ಇಲ್ಲಿನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ ಕೆಲಸ ಅದು, ಹಾಗಾಗಿ ನನಗೇ ಅಂಟಿಕೊಂಡಿತು.

ತುಳಸಿ ನನ್ನ ಪಾಠಕ್ಕೆ ಬಂದಾಗ ಎರಡು ಜಡೆಯ ಮೂಳೆ ಚಕ್ಕಳದ ಹುಡುಗಿ. ಬಾಯಿ ತೆರೆದರೆ ಮಾತ್ರ ಪಕ್ಕದಲ್ಲಿ ಕೂತ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಸ್ವರ ತಪ್ಪುತ್ತಿತ್ತೆಂದಲ್ಲ, ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಆದರೆ ನಮ್ಮ ಸಂಗೀತದಲ್ಲಿ ಸ್ವರ ಅಲುಗಬೇಕು, ಬಳುಕಬೇಕು, ಒಂದರಿಂದ ಇನ್ನೊಂದಕ್ಕೆ ಜಾರಬೇಕು. ಇವಳದು ಬೈತಲೆ ತೆಗೆದ ಹಾಗೆ ನೆಟ್ಟಗೆ. "ಸ್ವಲ್ಪ ಅಲುಗಿಸಿ ಹಾಡೇ" ಎಂದರೆ ತಲೆ ಅಲುಗಿಸುತ್ತಿದ್ದಳು, ಸ್ವರ ಅಲ್ಲೇ ನಿಂತಿರುತ್ತಿತ್ತು. ಒಂದು ವರ್ಷ ಗುದ್ದಾಡಿದೆ. ಕೊನೆಗೆ ಶೋಭಾಗೆ ಹೇಳಿದೆ, "ಈ ದನಿ ನನ್ನ ಪಾಠಕ್ಕೆ ಬಗ್ಗೋದಲ್ಲ ಶೋಭಾ. ಇದಕ್ಕೆ ಬೇರೆ ಮನೆ ಹುಡುಕಿ." ಗುರುವಾದವಳು ಹಾಗೆ ಹೇಳಬಾರದಿತ್ತು ಎಂದು ಸಂಘದಲ್ಲಿ ಮೂತಿ ತಿರುವಿದವರು ಉಂಟು. ತಿರುವಲಿ. ನಾನು ಹೇಳಿದ್ದು ಸರಿಯಾಗಿಯೇ ಇತ್ತು, ಈಗಲೂ ಅದನ್ನೇ ಹೇಳುತ್ತೇನೆ.

ಆ ಬೇರೆ ಮನೆ ಹುಡುಕಿಕೊಂಡು ಹೋಗಬೇಕಾಗಿ ಬರಲಿಲ್ಲ, ಖಿದಿರ್‌ಪುರದಲ್ಲೇ ಇತ್ತು. ತುಳಸಿಯ ಶಾಲೆಯಲ್ಲಿ ಪ್ರಾರ್ಥನೆಗೆ ಪಿಯಾನೊ ನುಡಿಸುತ್ತಿದ್ದ ಮಿಸೆಸ್ ಡಿರೊಜಾರಿಯೊ ಎಂಬ ಆಂಗ್ಲೋ ಇಂಡಿಯನ್ ಹೆಂಗಸು, ಒಂದು ಬೆಳಗ್ಗೆ ನುಡಿಸುವುದನ್ನು ನಿಲ್ಲಿಸಿ, "ಹಿಂದಿನ ಸಾಲಿನಲ್ಲಿ ಹಾಡಿದ್ದು ಯಾರು?" ಎಂದು ಕೇಳಿದರಂತೆ. ಬೈಗುಳ ಕಾದಿದೆ ಎಂದುಕೊಂಡ ತುಳಸಿ ಪಕ್ಕದ ಹುಡುಗಿಯನ್ನು ತೋರಿಸಿದಳಂತೆ. ಆಕೆ ಸುಲಭಕ್ಕೆ ಮೋಸ ಹೋಗುವವರಲ್ಲ. ಅವತ್ತೇ ಸಂಜೆ ಕ್ವಾರ್ಟರ್ಸಿಗೆ ನಡೆದುಕೊಂಡು ಬಂದು, ಶೋಭಾ ಕೊಟ್ಟ ಜೋಳದ ರೊಟ್ಟಿ ತಿಂದು, ಈ ಹುಡುಗಿ ಇನ್ನು ನನ್ನವಳು ಎಂದು ಹೇಳಿ ಹೋದರು. ಹೆಂಗಸರ ದನಿಗಳಲ್ಲಿ ಎಲ್ಲಕ್ಕಿಂತ ಮೇಲೆ ಹೋಗುವುದಕ್ಕೆ ಸೊಪ್ರಾನೊ ಎನ್ನುತ್ತಾರೆ, ಇವಳದು ಹುಟ್ಟಾ ಸೊಪ್ರಾನೊ ಎಂದು ನನಗೆ ತಿಳಿಸಿ ಹೇಳಿದವರೂ ಅವರೇ.

ಅಲ್ಲಿಂದ ಹತ್ತು ಹನ್ನೆರಡು ವರ್ಷ ತುಳಸಿ ಪಟ್ಟ ಪಾಡು ನೋಡಿದ್ದರೆ ಯಾರೂ ಅವಳದು ಬರೀ ಕೂಗು ಎನ್ನುತ್ತಿರಲಿಲ್ಲ. ನೆಲದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ದಪ್ಪ ಟೆಲಿಫೋನ್ ಡೈರೆಕ್ಟರಿ ಇಟ್ಟುಕೊಂಡು ಉಸಿರಾಟದ ಅಭ್ಯಾಸ. ಅರ್ಥ ಗೊತ್ತಿಲ್ಲದೆ ಒಂದು ಪದವನ್ನೂ ಹಾಡಕೂಡದೆಂದು ಇಟಾಲಿಯನ್ ಭಾಷೆ, ಆಮೇಲೆ ಜರ್ಮನ್. ಲಂಡನ್ನಿನವರು ಇಲ್ಲಿ ನಡೆಸುವ ಸಂಗೀತದ ಪರೀಕ್ಷೆಗಳು, ಒಂದಾದ ಮೇಲೊಂದು. ಕ್ವಾರ್ಟರ್ಸಿನ ಬಂಗಾಲಿಗಳು ಏನಾದರೂ ಅಂದರೇ ಎಂದು ಕೇಳಬೇಡಿ. ಈ ಊರಿನಲ್ಲಿ ಹಾಡುವವರನ್ನು ಯಾರೂ ಬೈಯುವುದಿಲ್ಲ, ತಿದ್ದುತ್ತಾರೆ. ಮೇಲಿನ ಮನೆಯ ಮುದುಕರೊಬ್ಬರು ಬಾಲ್ಕನಿಯಿಂದ ಬಗ್ಗಿ, "ನಿನ್ನೆ ಇದಕ್ಕಿಂತ ಚೆನ್ನಾಗಿತ್ತು ಮಾ" ಎಂದು ಹೇಳಿ ಹೋಗುತ್ತಿದ್ದರು. ಅವರ ಮಾತು ಹೆಚ್ಚಾಗಿ ನಿಜವೇ ಇರುತ್ತಿತ್ತು ಎಂದು ತುಳಸಿಯೇ ಒಪ್ಪುತ್ತಾಳೆ.

ಓದು ಮುಗಿದ ಹೊತ್ತಿಗೆ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಕಚೇರಿಯ ಸುಮೋಗಳು ಊರಿಡೀ ಹುಡುಗ ಹುಡುಗಿಯರನ್ನು ತುಂಬಿಕೊಂಡು ಓಡುತ್ತಿದ್ದವು. ತುಳಸಿಗೂ ಅಲ್ಲೊಂದು ಕಾಲ್ ಸೆಂಟರಿನಲ್ಲಿ ಕೆಲಸವಾಯಿತು. ಫೋನು ಎತ್ತುವುದಲ್ಲ, ಎತ್ತುವವರಿಗೆ ಮಾತು ಕಲಿಸುವುದು. ಬಾರಾಸಾತ್, ಬೆಹಾಲಾ ಕಡೆಯ ಮಕ್ಕಳಿಗೆ ಅಮೆರಿಕದವರಿಗೆ ಅರ್ಥವಾಗುವ ಹಾಗೆ ಇಂಗ್ಲಿಷ್ ಆಡಿಸಬೇಕು. ಇವಳು ಅವರನ್ನೆಲ್ಲ ಕುರ್ಚಿಯಿಂದ ಎಬ್ಬಿಸಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಮೊದಲು ಉಸಿರಾಡಲು ಕಲಿಸಿದಳು. ಅವಳ ತಂಡದವರು ಇಡೀ ಪಾಳಿ ಮಾತಾಡಿದರೂ ಗಂಟಲು ಕಟ್ಟುತ್ತಿರಲಿಲ್ಲ. ಇದು ಮೇಲಿನವರ ಕಣ್ಣಿಗೆ ಬಿತ್ತು. ಮೇಲಿನವನು ಎಂದರೆ ಪವನ, ಬೆಂಗಳೂರಿನ ಹುಡುಗ, ನಮ್ಮ ಸಂಘದ ಯುಗಾದಿ ಊಟಕ್ಕೆ ತಪ್ಪದೆ ಬರುತ್ತಿದ್ದವನು. ಎರಡು ಸಾವಿರದ ಆರರ ಚಳಿಗಾಲದಲ್ಲಿ ಅವನು ತುಳಸಿಯನ್ನು ಕರೆದು ಹೇಳಿದ, "ಹೈದರಾಬಾದಿನಲ್ಲಿ ಹೊಸ ಸೆಂಟರ್ ತೆಗೀತಿದೀವಿ. ಟ್ರೇನಿಂಗ್ ಪೂರಾ ನಿಮ್ಮ ಕೈಗೆ. ನಿಮ್ಮ ವಯಸ್ಸಿಗೆ ಇಂಥ ಪೋಸ್ಟ್ ಯಾರಿಗೂ ಸಿಕ್ಕಿಲ್ಲ ಮೇಡಂ. ಮುಂದಿನ ಸೋಮವಾರ ಉತ್ತರ ಕೊಡಿ."

ಅದೇ ವಾರ ಇನ್ನೊಂದು ಬಾಗಿಲೂ ತೆರೆಯಿತು. ಇಲ್ಲಿನ ವಾದ್ಯವೃಂದವೊಂದು ಒಂದು ಇಟಾಲಿಯನ್ ಒಪೆರಾ ಆಡುವುದಿತ್ತು. ಒಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ, ಕಂಪನಿ ನಾಟಕ ನೋಡಿದ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಥಾನಾಯಕಿಯ ಪಾತ್ರ ತಿಂಗಳುಗಳ ಹಿಂದೆಯೇ ತುಳಸಿಗೆ ಸಿಕ್ಕಿ, ಅಭ್ಯಾಸ ನಡೆದಿತ್ತು. ಎದುರು ನಿಂತು ಕೋಲು ಆಡಿಸಿ ವಾದ್ಯದವರನ್ನೂ ಹಾಡುವವರನ್ನೂ ನಡೆಸಲು ಮುಂಬಯಿಯಿಂದ ಒಬ್ಬ ದೊಡ್ಡ ಕಂಡಕ್ಟರ್ ಬರುವವರಿದ್ದರು. ಅಲ್ಲಿ ಅವರದೇ ಒಂದು ಕಂಪನಿ ಇತ್ತು, ವರ್ಷಪೂರ್ತಿ ಪ್ರದರ್ಶನ, ತಿಂಗಳ ಸಂಬಳ, ಅಲ್ಲಿ ಮುಖ್ಯ ಪಾತ್ರಕ್ಕೆ ಒಬ್ಬಳು ಸೊಪ್ರಾನೊ ಬೇಕಾಗಿದ್ದಳು. ನಿನ್ನ ಹಾಡು ಕೇಳಿ ಹೇಳುತ್ತೇನೆ ಎಂದು ಅವರು ತುಳಸಿಗೆ ಬರೆದಿದ್ದರು. ಭಾನುವಾರ ಪ್ರದರ್ಶನ, ಸೋಮವಾರ ಪವನನಿಗೆ ಉತ್ತರ.

ಹೊನ್ನಪ್ಪನವರು ಆ ವಿಷಯ ಮಾತಾಡಲೆಂದೇ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮನೆಯಲ್ಲಿ ಮಾತಾಡಿದರೆ ಜಗಳವಾಗುತ್ತದೆ, ನನ್ನೆದುರು ಇಬ್ಬರೂ ಸ್ವಲ್ಪ ತಗ್ಗಿ ಮಾತಾಡುತ್ತಾರೆ ಎಂಬ ಲೆಕ್ಕ.

"ಅಕ್ಕಾರ, ನಾ ಹಾಡಬ್ಯಾಡ ಅನ್ನಂಗಿಲ್ರಿ," ಎಂದರು. "ದಿನಾ ಹಾಡ್ಲಿ. ಹಾಡಿನ ಮ್ಯಾಲೇ ಬದುಕ್ತೀನಿ ಅಂತಾಳಲ್ಲ, ಅದು ಬ್ಯಾಡ. ಈ ದೇಶದಾಗ ಇಕಿ ಹಾಡು ಕೇಳಾಕ ಎಷ್ಟ ಮಂದಿ ಅದಾರ್ರಿ? ಗಾಳಿ ಬಂದಾಗ ತೂರಿಕೋಬೇಕು. ಈಗ ಗಾಳಿ ಬೀಸಾಕತ್ತೈತಿ, ಎಲ್ಲಾರೂ ತೂರಿಕೊಳ್ಳಾಕತ್ತಾರ. ನಾ ಇನ್ನ ಎಷ್ಟ ದಿನ ಡಾಕಿನಾಗ ಇರ್ತೀನಿ? ರಿಟೈರ್ ಆದ ಮ್ಯಾಲೆ ಕ್ವಾರ್ಟರ್ಸ್ ಬಿಡಬೇಕು."

"ನಾನು ಅಲ್ಲಿ ಜನರಿಗೆ ಬಾಯಿ ಖೋಲೋದು ಸಿಖಾಯಿಸ್ತೀನಿ ಅಪ್ಪಾ," ಎಂದಳು ತುಳಸಿ. ಇಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡದಲ್ಲಿ ಹಿಂದಿ, ಬಂಗಾಲಿ ಎಲ್ಲ ಸೇರಿ ಒಂದು ಚಿತ್ರಾನ್ನ. ಬಾಯಿ ತೆರೆಯಲು ಕಲಿಸುತ್ತೇನೆ ಎಂದು ಅದರ ಅರ್ಥ. "ನಂದು ಬಾಯಿ ಬಂದ್ ಆಗ್ತದೆ. ಟ್ರೇನಿಂಗ್ ಹೆಡ್ ಆದ್ರೆ ಪ್ರಾಕ್ಟೀಸಿಗೆ ಟೈಮ್ ಇಲ್ಲ. ಟು ಇಯರ್ಸ್ ಬಿಟ್ರೆ ಈ ದನಿ ಹೋಗಿಬಿಡ್ತು, ಮತ್ತೆ ಬರಲ್ಲ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಕಾಫಿ ಮಾಡುವ ನೆವದಿಂದ ಎದ್ದು ಹೋದೆ. ವಾಪಸು ಬರುವಷ್ಟರಲ್ಲಿ ಹೊನ್ನಪ್ಪನವರೇ ಒಂದು ಕರಾರು ಮಾಡಿದ್ದರು. ಆ ಮುಂಬಯಿಯವರು ಪಾತ್ರ ಕೊಟ್ಟರೆ ತಾವು ಒಂದು ಮಾತೂ ಆಡುವುದಿಲ್ಲ, ಕೈಯಾರೆ ರೈಲು ಹತ್ತಿಸುತ್ತಾರೆ. ಕೊಡದಿದ್ದರೆ ತುಳಸಿ ಒಂದು ಮಾತೂ ಆಡದೆ ಹೈದರಾಬಾದಿಗೆ ಹೋಗಬೇಕು. "ಆಯ್ತು," ಎಂದಳು ತುಳಸಿ, ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೇ ಆಶ್ಚರ್ಯವಾಯಿತು. ಹೊನ್ನಪ್ಪನವರು ಕೊಟ್ಟ ಮಾತಿಗೆ ತಪ್ಪದ ಮನುಷ್ಯ. ಡಾಕಿನಲ್ಲಿ ಅವರ ಬಾಯಿಮಾತಿನ ಮೇಲೆ ಕೂಲಿಗಳು ಪಾಳಿ ಬದಲಿಸುತ್ತಿದ್ದರು. ಅವರು ಕರಾರು ಎಂದರೆ ಅದು ಕರಾರೇ.

ಇನ್ನು ನಮ್ಮ ಸಂಘದ ಕಥೆಗೆ ಬರುತ್ತೇನೆ. ಅಧ್ಯಕ್ಷರು ನರಸಿಂಹಮೂರ್ತಿಗಳು, ರೈಲ್ವೆಯಿಂದ ನಿವೃತ್ತರಾದವರು. ಅವರಿಗೆ ಜೀವನದಲ್ಲಿ ಒಂದೇ ಒಂದು ವ್ರತ. ನಮ್ಮವರು ಯಾರೇ ಆಗಲಿ ವೇದಿಕೆಯ ಮೇಲೆ ಕಂಡರೆ ಶಾಲು ಹೊದಿಸದೆ ಬಿಡಬಾರದು. ಇದಕ್ಕೆಂದೇ ಸಂಘದ ಟ್ರಂಕಿನಲ್ಲಿ ಶಾಲುಗಳ ದಾಸ್ತಾನು ಇದೆ. ಸನ್ಮಾನಿತರಾದವರು ಮುಂದೆ ಇನ್ಯಾರಿಗೋ ಹೊದಿಸಿ ಎಂದು ವಾಪಸು ಕೊಟ್ಟ ಶಾಲುಗಳೂ ಅದರಲ್ಲಿ ಇವೆ. ಶಾಲು, ಹಾರ, ಹಣ್ಣಿನ ತಟ್ಟೆ, ಆಮೇಲೆ ಅಧ್ಯಕ್ಷರ ಎರಡು ಮಾತು. ಆ ಎರಡು ಮಾತು ಎಷ್ಟು ಹೊತ್ತು ನಡೆಯುತ್ತದೆ ಎಂದು ಸಭೆ ಸಮಾರಂಭಕ್ಕೆ ಹೋಗಿ ಬಂದವರಿಗೆ ಗೊತ್ತು. ಸನ್ಮಾನ ನಡೆಯುವುದು ಯಾವಾಗಲೂ ಕಾರ್ಯಕ್ರಮದ ನಟ್ಟನಡುವೆ. ಕೊನೆಗೆ ಇಟ್ಟುಕೊಂಡರೆ ಕಡೆಯ ಬಸ್ಸು, ಡಮ್ ಡಮ್‌ಗೆ ಹೋಗುವ ಕಡೆಯ ಮೆಟ್ರೊ ಎಂದು ಜನ ಎದ್ದು ಹೋಗಿರುತ್ತಾರೆ, ಖಾಲಿ ಕುರ್ಚಿಗಳೆದುರು ಶಾಲು ಹೊದಿಸಬೇಕಾಗುತ್ತದೆ. ಅದಕ್ಕೇ ಒಳ್ಳೆಯ ಜಾಗ ನೋಡಿ, ಚಪ್ಪಾಳೆ ಜೋರಾದ ಮೇಲೆ, ಹಾಡುವವರು ಒಂದು ಗುಟುಕು ನೀರು ಕುಡಿಯುವ ಹೊತ್ತಿಗೆ ನುಗ್ಗಿಬಿಡಬೇಕು. ಎಷ್ಟೋ ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ, ಹಾಡುವವರಿಗೂ ಇದು ಅಭ್ಯಾಸವಾಗಿದೆ.

ತುಳಸಿಯ ಸುದ್ದಿ ಕೇಳಿ ನರಸಿಂಹಮೂರ್ತಿಗಳು ಟ್ರಂಕು ತೆಗೆಸಿದರು. ನಾನು ಫೋನು ಮಾಡಿ ಸ್ಪಷ್ಟವಾಗಿ ಹೇಳಿದೆ, "ಸಾರ್, ಇದು ನಮ್ಮ ಸಭೆ ಅಲ್ಲ. ಮಧ್ಯೆ ಯಾರೂ ಸ್ಟೇಜ್ ಹತ್ತೋ ಹಾಗಿಲ್ಲ. ಎಲ್ಲ ಮುಗಿದ ಮೇಲೆ ಹಿಂದೆ ಗ್ರೀನ್ ರೂಮಿಗೆ ಹೋಗಿ ಹೊದಿಸೋಣ."

"ಆಗಲಮ್ಮ, ಆಗಲಿ," ಎಂದರು. ಅವರ 'ಆಗಲಿ'ಗೆ ಅಡ್ಡಗೋಡೆಯ ಮೇಲಿನ ದೀಪಕ್ಕಿರುವಷ್ಟೇ ಬೆಲೆ ಎಂದು ಗೊತ್ತಿದ್ದೂ ಸುಮ್ಮನಾದೆ.

ಭಾನುವಾರ ಸಂಜೆ ಅಲಿಪುರದ ಹಳೆಯ ಸಭಾಂಗಣವೊಂದರಲ್ಲಿ ಪ್ರದರ್ಶನ. ಒಳಗೆ ಹೋಗುತ್ತಲೇ ನರಸಿಂಹಮೂರ್ತಿಗಳು ಗಾಬರಿಯಾದರು. "ಅನಸೂಯಾ, ಮೈಕೇ ಇಲ್ಲವಲ್ಲಮ್ಮ! ಮರೆತಿದಾರೋ ಏನೋ. ನಮ್ಮ ಸಂಘದ್ದು ತರಿಸಲಾ?" ಇವರು ಮೈಕ್ ಇಲ್ಲದೆಯೇ ಹಾಡುವುದು ಎಂದು ಹೇಳಿ ಕೂರಿಸಿದೆ. ಅವರೂ ಅವರ ಹೆಂಡತಿ ತುಂಗಮ್ಮನವರೂ ಮೊದಲ ಸಾಲಿನ ತುದಿಯಲ್ಲಿ, ವೇದಿಕೆಯ ಮೆಟ್ಟಿಲ ಪಕ್ಕದಲ್ಲೇ ಕೂತರು. ತುಂಗಮ್ಮನವರ ಮಡಿಲಲ್ಲಿ ದೊಡ್ಡ ಬಟ್ಟೆಯ ಚೀಲವಿತ್ತು. ನಾನು ಅವರ ಹಿಂದಿನ ಸಾಲು. ಶೋಭಾಳಿಗೆ ಜ್ವರ, ಬಂದಿರಲಿಲ್ಲ. ಹೊನ್ನಪ್ಪನವರು ಮಾತ್ರ, ಎಷ್ಟು ಕರೆದರೂ ಮುಂದೆ ಬರದೆ, ಕಟ್ಟಕಡೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತರು.

ಕಥೆ ಏನೆಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದರು. ಕಡಲ ತೀರದ ಒಂದು ಹಳ್ಳಿ, ಮೀನುಗಾರನ ಹೆಂಡತಿ. ಗಂಡ ದೋಣಿಯಲ್ಲಿ ಹೋಗಿದ್ದಾನೆ, ಬಿರುಗಾಳಿ ಎದ್ದಿದೆ. ಮೂರನೆಯ ಅಂಕದಲ್ಲಿ ಬರಿದಾದ ದೋಣಿ ದಡಕ್ಕೆ ಬರುತ್ತದೆ. ಅಷ್ಟೇ ಕಥೆ. ಅಷ್ಟನ್ನು ಇಟ್ಟುಕೊಂಡು ತುಳಸಿ ನಮ್ಮ ಜೀವ ಹಿಂಡಿದಳು. ಸೆಕ್ಟರ್ ಫೈವ್‌ನ ಸುಮೋದಿಂದ ಇಳಿಯುವಾಗ ಬ್ಯಾಗು ಸಿಕ್ಕಿಸಿಕೊಂಡು ಎಡವುವ ಹುಡುಗಿ ಇವಳೇನಾ ಎನ್ನಿಸಿತು. ನನ್ನ ಪಾಠದಲ್ಲಿ ನನಗೆ ತಲೆನೋವು ತರುತ್ತಿದ್ದ ಆ ನೆಟ್ಟಗಿನ ಸ್ವರ ಆ ಹಾಲಿನಲ್ಲಿ ಒಂದು ಮೂಲೆಯನ್ನೂ ಬಿಡದೆ ತುಂಬಿಕೊಂಡಿತು. ಬಳುಕು ಇಲ್ಲ, ಜಾರು ಇಲ್ಲ, ಆದರೂ ನನಗೆ ಅಳು ಬಂತು. ಬಂತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮೂರನೆಯ ಅಂಕ. ದೋಣಿ ಬಂತು. ತುಳಸಿ ಅತಿ ಮೇಲಿನ ಸ್ವರಕ್ಕೆ ಏರಿ, ಅಲ್ಲೇ ನಿಂತು, ಥಟ್ಟನೆ ಬಿಟ್ಟಳು. ವಾದ್ಯಗಳೂ ಬಿಟ್ಟವು. ಆ ಜಾಗದಲ್ಲಿ ಒಂದು ಉದ್ದನೆಯ ಮೌನವಿದೆ, ಬರೆದವನೇ ಇಟ್ಟ ಮೌನ. ಅದಾದ ಮೇಲೆ ಮೆತ್ತಗೆ, ಪಿಸುಮಾತಿನ ಹಾಗೆ, ಕೊನೆಯ ಹಾಡು. ಕಂಡಕ್ಟರ್ ಕೋಲು ಎತ್ತಿ ಹಿಡಿದಿದ್ದರು. ಯಾರೂ ಕೆಮ್ಮಲಿಲ್ಲ. ಆದರೆ ನಮ್ಮವರಿಗೆ ಮೌನ ಎಂದರೆ ಮುಗಿಯಿತು ಎಂದರ್ಥ. ಮೊದಲ ಸಾಲಿನಿಂದ ಟಪಟಪ ಎಂದು ಒಂದು ಒಂಟಿ ಚಪ್ಪಾಳೆ ಕೇಳಿತು. ನಾನು ಕೈ ಚಾಚಿ ಹಿಡಿಯುವಷ್ಟರಲ್ಲಿ ನರಸಿಂಹಮೂರ್ತಿಗಳು ಮೆಟ್ಟಿಲು ಹತ್ತಿಬಿಟ್ಟಿದ್ದರು. ಹಿಂದೆ ತುಂಗಮ್ಮನವರು, ಕೈಯಲ್ಲಿ ತೋಳ ಗಾತ್ರದ ಸೇವಂತಿಗೆ ಹಾರ.

ತಿಂಗಳುಗಟ್ಟಲೆಯ ದುಡಿಮೆ, ಮುಂಬಯಿಯ ಪಾತ್ರ, ಕರಾರು, ಎಲ್ಲ ಒಂದು ಕಂದು ಶಾಲಿನ ಕೆಳಗೆ ಮುಚ್ಚಿಹೋಯಿತು ಎಂದುಕೊಂಡೆ. ಪಿಟೀಲು ಹಿಡಿದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕಂಡಕ್ಟರರ ಕೋಲು ಅಲ್ಲೇ ಗಾಳಿಯಲ್ಲಿ ನಿಂತಿತ್ತು, ಅವರ ಕಿವಿ ಕೆಂಪಾಗಿದ್ದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು.

ತುಳಸಿ ನಿಧಾನವಾಗಿ ತಿರುಗಿದಳು. ಆ ಮುಖದಲ್ಲಿ ತುಳಸಿ ಇರಲಿಲ್ಲ, ಗಂಡ ಸತ್ತ ಸುದ್ದಿ ಈಗ ತಾನೇ ಕೇಳಿದ ಹೆಂಗಸಿದ್ದಳು. ಊರಿನ ಹಿರಿಯರು ಸಮಾಧಾನ ಹೇಳಲು ಬಂದಿದ್ದಾರೆ ಎನ್ನುವ ಹಾಗೆ ತಲೆ ಬಾಗಿಸಿದಳು. ನರಸಿಂಹಮೂರ್ತಿಗಳು ಶಾಲು ಕೊಡವಿ ಹೊದಿಸಿದರು. ಅದನ್ನು ಎದೆಯ ಹತ್ತಿರ ಮುದುರಿ ಹಿಡಿದುಕೊಂಡಳು, ಚಳಿಗೆ ಹಿಡಿದುಕೊಳ್ಳುವ ಹಾಗೆ. ತುಂಗಮ್ಮನವರು ಹಾರ ಎತ್ತಿದರು. ಕೊರಳಿಗೆ ಬೀಳುವ ಮುಂಚೆ ತುಳಸಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ವೇದಿಕೆಯ ಅಂಚಿಗೆ ನಡೆದು, ಮಂಡಿಯೂರಿ, ನೀರಿಗೆ ಬಿಡುವ ಹಾಗೆ ಕೆಳಗೆ ಬಿಟ್ಟಳು. ಅಷ್ಟರಲ್ಲಿ ನರಸಿಂಹಮೂರ್ತಿಗಳ ಕೈ ಜುಬ್ಬದ ಜೇಬಿಗೆ ಹೋಗಿತ್ತು. ಎರಡು ಮಾತಿನ ಚೀಟಿ! ತುಳಸಿ ಎದ್ದು ಬಂದು ಆ ಕೈಯ ಮಣಿಕಟ್ಟನ್ನು ಹಿಡಿದುಕೊಂಡಳು. ಹೇಗೆ ಹಿಡಿದಳೆಂದರೆ, ಮೂರು ದಿನ ಅವರ ಕೈಯಲ್ಲಿ ಅದರ ಗುರುತು ಇತ್ತಂತೆ.

ಹಾಗೆ ಹಿಡಿದುಕೊಂಡೇ ಕೊನೆಯ ಹಾಡು ಎತ್ತಿಕೊಂಡಳು. ಕಂಡಕ್ಟರ್ ಸನ್ನೆ ಕೊಟ್ಟಿರಲಿಲ್ಲ. ಒಂದು ವಾದ್ಯದ ಆಸರೆಯೂ ಇಲ್ಲದೆ, ಬರಿಗಂಟಲಿನಲ್ಲಿ, ಎಲ್ಲಿ ಬಿಟ್ಟಿದ್ದಳೋ ಅದಕ್ಕೆ ಒಪ್ಪುವ ಸ್ವರದಲ್ಲೇ, ಮಗುವನ್ನು ಮಲಗಿಸುವಷ್ಟು ಮೆತ್ತಗೆ. ಒಂದು ಸಾಲು ಕಳೆದ ಮೇಲೆ ಕೋಲು ಅಲುಗಿತು, ಪಿಟೀಲುಗಳು ಅವಳ ದನಿಯ ಅಡಿಗೆ ಬಂದು ಸೇರಿಕೊಂಡವು. ನರಸಿಂಹಮೂರ್ತಿಗಳು ಮಿಸುಕಲಿಲ್ಲ. ಅಷ್ಟು ಹತ್ತಿರದಿಂದ ಆ ದನಿ ಕೇಳಿದವನು ಮಿಸುಕುವುದಾದರೂ ಹೇಗೆ? ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ತುಂಗಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಸಭಿಕರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಹಾಡು ಮುಗಿದಾಗ ಎಲ್ಲರೂ ಎದ್ದು ನಿಂತರು. ನನ್ನ ಪಕ್ಕದ ಬಂಗಾಲಿ ಮಹಾಶಯರಂತೂ ಕಣ್ಣೊರೆಸಿಕೊಂಡು, "ಆ ಮುದುಕ ಯಾವ ನಾಟಕ ತಂಡದವರು?" ಎಂದು ನನ್ನನ್ನೇ ಕೇಳಿದರು.

ಜನರನ್ನು ಸರಿಸಿಕೊಂಡು ನಾನು ಗ್ರೀನ್ ರೂಮಿಗೆ ಹೋದೆ. ಕಂಡಕ್ಟರ್ ಬಾಗಿಲಲ್ಲೇ ನಿಂತಿದ್ದರು. ಹೊನ್ನಪ್ಪನವರು ಹಿಂದಿನ ಸಾಲಿನಿಂದ ಬಂದು ಒಳಗೆ ಗೋಡೆಯ ಪಕ್ಕ ನಿಂತಿದ್ದರು, ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

"ಯಾರು ಅವರು?" ಎಂದು ಕಂಡಕ್ಟರ್ ಇಂಗ್ಲಿಷಿನಲ್ಲಿ ಕೇಳಿದರು. ತಪ್ಪಾಯಿತು ಎನ್ನಲು ನಾನು ಬಾಯಿ ತೆರೆದೆ. ತುಳಸಿ ನನ್ನನ್ನು ತಡೆದಳು.

"ನಮ್ಮವರು," ಎಂದಳು. "ಮೆಚ್ಚಿದವರಿಗೆ ಶಾಲು ಹೊದಿಸೋದು ನಮ್ಮಲ್ಲಿ ಪದ್ಧತಿ. ಅವರು ಕಾಯಲಿಲ್ಲ, ಅಷ್ಟೇ."

ಆ ಮನುಷ್ಯ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಆ ಮೌನ ನನ್ನದಾಗಿತ್ತು," ಎಂದರು. "ನೀನು ನನ್ನ ಕೈಯಿಂದ ಕಸಿದುಕೊಂಡೆ. ನಾನು ಹಿಡಿಯುವುದಕ್ಕಿಂತ ಚೆನ್ನಾಗಿ ಹಿಡಿದೆ." ನನಗೆ ಜೀವ ಬಂದಂತಾಯಿತು. ಆದರೆ ಅವರು ಕನ್ನಡಕ ತೆಗೆದು ಒರೆಸುತ್ತಾ ಮುಂದುವರಿಸಿದರು. ಮುಂಬಯಿಯ ಪಾತ್ರ ಎರಡು ದಿನದ ಹಿಂದೆಯೇ ಬೇರೆ ಹುಡುಗಿಗೆ ಹೋಗಿಯಾಗಿತ್ತು. ಕಂಪನಿಗೆ ಹಣ ಹಾಕುವವರು ಆರಿಸಿದ ಹುಡುಗಿ, ತಮ್ಮ ಮಾತು ನಡೆಯಲಿಲ್ಲ. ಮೊದಲೇ ಹೇಳಿದರೆ ಇವಳ ಹಾಡಿಗೆ ಪೆಟ್ಟು ಬೀಳುತ್ತದೆಂದು ಸುಮ್ಮನಿದ್ದರಂತೆ. ಮುಂದೆ ಯಾವಾಗಲಾದರೂ ಖಂಡಿತ ಕರೆಯುತ್ತೇನೆ ಎಂದು ಕೈ ಕುಲುಕಿ ಹೋದರು.

ನನಗೆ ಬಂದ ಸಿಟ್ಟಿಗೆ ಅವರ ಕೋಲು ಕೈಗೆ ಸಿಕ್ಕಿದ್ದರೆ ಮುರಿದು ಹಾಕುತ್ತಿದ್ದೆ. ಪಾತ್ರ ಇಲ್ಲದ ಮೇಲೆ ಆಸೆ ಹುಟ್ಟಿಸಿ ಹಾಡಿಸಿಕೊಂಡದ್ದು ಯಾವ ನ್ಯಾಯ? ನರಸಿಂಹಮೂರ್ತಿಗಳು ತಮ್ಮಿಂದಲೇ ಎಲ್ಲ ಕೆಟ್ಟಿತೆಂದು ತಿಳಿದು, ಮೂಲೆಯಲ್ಲಿ ಹಣ್ಣಿನ ತಟ್ಟೆ ಹಿಡಿದುಕೊಂಡು, "ಅಯ್ಯೋ ಮಗು, ಅಯ್ಯೋ ಮಗು" ಎನ್ನುತ್ತಿದ್ದರು. ತುಳಸಿ ಅವರ ಕೈಯಿಂದ ತಟ್ಟೆ ತೆಗೆದುಕೊಂಡು, ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ಕನ್ನಡಿಯ ಮುಂದೆ ಕೂತು ತುಟಿಯ ಬಣ್ಣ ಒರೆಸಿಕೊಳ್ಳತೊಡಗಿದಳು.

ಕೊನೆಗೆ ಹೊನ್ನಪ್ಪನವರು ಗಂಟಲು ಸರಿಮಾಡಿಕೊಂಡರು. ಮಗಳ ಕಡೆ ನೋಡಲಿಲ್ಲ, ನೆಲ ನೋಡುತ್ತಾ ಹೇಳಿದರು.

"ತುಳಸಿ, ಪಾತ್ರ ಸಿಗಲಿಲ್ಲ. ಕರಾರಿನ ಪ್ರಕಾರ ನೀ ಹೈದರಾಬಾದಿಗೆ ಹೋಗ್ಬೇಕು." ಗೋಡೆ ಬಿಟ್ಟು ಸರಿದು ನಿಂತರು. "ಹೋಗಬ್ಯಾಡ. ನಾ ಇವತ್ತಿನತನಾ ಯಾರಿಗೂ ಮಾತ ತಪ್ಪಿಲ್ಲ. ಇವತ್ತ ತಪ್ಪಾಕತ್ತೀನಿ. ಅಷ್ಟ ಹಿಂದ ಕುಂತಿದ್ದೆ ನಾ, ನೀ ಪಿಸಗುಟ್ಟಿದ್ದು ಸೈತ ಕೇಳ್ತು. ಬಾಜೂಕ ಕುಂತು ಹೇಳಿದಂಗ ಕೇಳ್ತು. ಅಂಥಾದ್ದನ್ನ ಬಿಡಿಸಿ ಎಲ್ಲಿಗೆ ಕಳಸ್ಲಿ ನಾ? ಕ್ವಾರ್ಟರ್ಸ್ ಹೋದ್ರ ಹೋಗ್ಲಿ, ಎಲ್ಲ್ಯಾರ ಒಂದ ಖೋಲಿ ನೋಡೋಣು."

ತುಳಸಿ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟು ತಿರುಗಿದಳು. "ಅಪ್ಪಾ," ಎಂದಳು, "ನಾನು ಶುಕ್ರವಾರನೇ ಪವನ್ ಸಾರಿಗೆ ರಾಜೀನಾಮೆ ಕೊಟ್ಟು ಬಂದೆ."

ಹೊನ್ನಪ್ಪನವರು ತಲೆ ಎತ್ತಿದರು. "ಶುಕ್ರವಾರ? ಈ ಮನಿಷ್ಯಾ ಹ್ಞೂಂ ಅಂತಾನೋ ಊಹ್ಞೂಂ ಅಂತಾನೋ ಗೊತ್ತಾಗೂಕಿಂತ ಮೊದ್ಲ?"

"ಹೌದು."

"ಮತ್ತ ಅಕ್ಕಾರ ಮನ್ಯಾಗ ನನ್ನ ಮುಂದ ಆಯ್ತು ಅಂದಿ?"

"ನಿನಗೆ ನಿದ್ದೆ ಬರಲಿ ಅಂತ ಅಂದೆ. ಕರಾರು ನಿಂದು ಅಪ್ಪಾ, ಗಂಟಲು ನಂದು."

ಈಗ ಬೈಯುತ್ತಾರೆ ಎಂದುಕೊಂಡು ನಾನು ಮಧ್ಯೆ ಹೋಗಿ ನಿಂತೆ. ಹೊನ್ನಪ್ಪನವರು ನನ್ನನ್ನು ಪಕ್ಕಕ್ಕೆ ಸರಿಸಿ ಮಗಳ ಹತ್ತಿರ ಹೋದರು. "ಹುಚ್ಚ ಹುಡುಗಿ, ಮೊದ್ಲ ಹೇಳಬಾರದೇನ? ಮಾತ ಹೆಂಗ ತಪ್ಪಲಿ, ಹೆಂಗ ತಪ್ಪಲಿ ಅಂತ ನಾ ಅಲ್ಲಿ ಕುಂತ ಒದ್ದಾಡಿದ್ನಲ್ಲ," ಎಂದು ನಗಲು ಹೋಗಿ, ಅವಳ ತಲೆಯ ಮೇಲೆ ಕೈಯಿಟ್ಟು ಅತ್ತುಬಿಟ್ಟರು.